ಜಡೆ ಎಲ್ಲಿಗೆ ನಿಲ್ಲಬೇಕು

ನಮ್ಮಲ್ಲಿ ಹೂವಿಗೂ ಜಡೆಗೂ ಒಂದೇ ಅಳತೆ. ಹೂವಾಡಗಿತ್ತಿ ಮೊಳದ ಲೆಕ್ಕದಲ್ಲಿ ಮಾರುತ್ತಾಳೆ, ಹಬ್ಬ ಬಂದರೆ ನಾವೇ ಮಾರುಗಟ್ಟಲೆ ಕೊಳ್ಳುತ್ತೇವೆ. ಕೂದಲು ಚೆನ್ನಾಗಿರುವ ಹುಡುಗಿಗೆ ಮಾರುದ್ದದ ಜಡೆ, ಅಷ್ಟಿಲ್ಲದವಳಿಗೆ ಗೇಣುದ್ದದ್ದು, ಅದೂ ಇಲ್ಲದವಳಿಗೆ ಮೋಟುಜಡೆ. ಮಾರು ಎಂದರೆ ಎರಡೂ ಕೈ ಚಾಚಿದಷ್ಟು. ನಿಜವಾಗಿ ಅಷ್ಟುದ್ದದ ಜಡೆ ಯಾರಿಗಾದರೂ ಇದ್ದಿದ್ದರೆ ಅವಳ ಹಿಂದೆ ನೆಲ ಗುಡಿಸುವ ಕೆಲಸ ಉಳಿಯುತ್ತಿರಲಿಲ್ಲ. ಆದರೂ ಆ ಮಾತನ್ನು ಯಾರೂ ಟೇಪು ಹಿಡಿದು ಪರೀಕ್ಷೆ ಮಾಡಲಿಲ್ಲ. ಉಳಿದಂತೆ ಮೈಯೇ ಅಳತೆಪಟ್ಟಿ: ಹೆಗಲು ಮುಟ್ಟುತ್ತೆ, ಬೆನ್ನು ತುಂಬುತ್ತೆ, ಸೊಂಟಕ್ಕೆ ಬರುತ್ತೆ, ಕೂತರೆ ಅಡಿಗೆ ಸಿಕ್ಕಿಕೊಳ್ಳುತ್ತೆ. ಕೊನೆಯದನ್ನು ಹೇಳುವಾಗ ಹೇಳುವವಳ ದನಿಯಲ್ಲಿ ಸ್ವಲ್ಪ ಹೊಟ್ಟೆಯುರಿ ಇರುತ್ತಿತ್ತು.

ಕೂದಲನ್ನು ಇಂಚಿನಲ್ಲಿ ಹೇಳುವುದನ್ನು ನಾನು ಮೊದಲು ಕೇಳಿದ್ದು ಅಣ್ಣನ ಮಗಳ ಬಾಯಲ್ಲಿ. ಮದುವೆ ನಿಶ್ಚಯವಾಗಿತ್ತು. ಮೇಕಪ್ ಮಾಡುವವರು ಎಕ್ಸ್‌ಟೆನ್ಷನ್ನಿನ, ಅಂದರೆ ಕಟ್ಟುಗೂದಲಿನ, ಒಂದು ಪಟ್ಟಿ ಕಳಿಸಿದ್ದರು: 14, 16, 18, 20, 22, 24, 26. ಪ್ಯಾಂಟಿನ ಸೊಂಟದಳತೆ ಕೇಳಿದ ಹಾಗಿತ್ತು. ಹುಡುಗಿಯ ಕೂದಲು ಹೆಗಲು ಮುಟ್ಟಿ ಅಲ್ಲಿಗೇ ನಿಲ್ಲುವಂಥದ್ದು, ತುದಿ ಸಮನಾಗಿ ಕತ್ತರಿಸಿದ್ದು. ಕೆಲಸಕ್ಕೆ ಸೇರಿದಾಗಿನಿಂದ ಅದೇ ಕಟಿಂಗು.

"ಅತ್ತೆ, 26 ತಗೊಂಡ್ಬಿಡ್ಲಾ? ಒಂದೇ ಸಲ ಅಲ್ವಾ ಮದುವೆ."

"ತಗೋ. ಆದ್ರೆ ನಿನ್ನ ಆಫೀಸಿನೋರು ರಿಸೆಪ್ಷನ್‌ಗೆ ಬರ್ತಾರಾ?"

"ಬರ್ತಾರೆ."

"ಶುಕ್ರವಾರ ಹೆಗಲ ತನಕ ಇದ್ದಿದ್ದು ಭಾನುವಾರ ಸೊಂಟಕ್ಕೆ ಬಂದ್ರೆ ಏನ್ ಹೇಳ್ತೀಯೆ?"

ಅವಳು ನಕ್ಕಳು. ಆದರೆ ಪ್ರಶ್ನೆ ಇರುವುದೇ ಅಲ್ಲಿ. ಕಟ್ಟುಗೂದಲಿನ ಉದ್ದ ತಲೆಯಿಂದ ತೀರ್ಮಾನವಾಗುವುದಲ್ಲ, ನೋಡುವವರಿಂದ. ಅವರು ಎಷ್ಟನ್ನು ನಂಬಲು ಒಪ್ಪುತ್ತಾರೋ ಅಷ್ಟೇ ಉದ್ದ.

ಅಂಗಡಿಯ ಇಂಚಿನ ಕಥೆಯನ್ನು ಮೊದಲು ಮುಗಿಸಿಬಿಡುತ್ತೇನೆ, ಅದರಲ್ಲಿ ತಿಳಿಯಬೇಕಾದದ್ದಿದೆ. ಪೊಟ್ಟಣದ ಮೇಲೆ 20 ಎಂದು ಬರೆದಿದ್ದರೆ ಅದು ಹೊಲಿಗೆಪಟ್ಟಿಯಿಂದ ತುದಿಯವರೆಗೆ ಕೂದಲನ್ನು ನೇರ ಎಳೆದು ಹಿಡಿದಾಗ ಸಿಗುವ ಉದ್ದ. ಗುಂಗುರಾದರೆ ಮೇಲಕ್ಕೆ ಸುರುಟಿಕೊಳ್ಳುತ್ತದೆ, ಕಣ್ಣಿಗೆ ಅಷ್ಟು ಕಾಣುವುದಿಲ್ಲ. ಎಲ್ಲಿ ಸಿಕ್ಕಿಸುತ್ತೇವೆ ಎಂಬುದೂ ಮುಖ್ಯ. ಕ್ಲಿಪ್ಪಿನ ಪಟ್ಟಿಗಳನ್ನು ಸಾಲುಸಾಲಾಗಿ ಹಾಕುತ್ತಾರೆ: ಒಂದು ಕತ್ತಿನ ಕುಳಿಯ ಸ್ವಲ್ಪ ಮೇಲೆ, ಇನ್ನೊಂದು ಕಿವಿಯ ಮಟ್ಟದಲ್ಲಿ, ಮತ್ತೊಂದು ಅದಕ್ಕೂ ಮೇಲೆ. ಉದ್ದ ಒಂದೇ ಆದರೂ ಕೆಳಗಿನ ಸಾಲು ಸೊಂಟದ ಹತ್ತಿರ ಬಂದರೆ ಮೇಲಿನದು ನಡುಬೆನ್ನಿನಲ್ಲೇ ನಿಲ್ಲುತ್ತದೆ. ಇನ್ನು ಪೊಟ್ಟಣದ ಮೇಲಿನ ಚಿತ್ರದ ಹೆಂಗಸು ಆಳೆತ್ತರದವಳು. ಅವಳ ನಡುಬೆನ್ನಿಗೆ ನಿಂತದ್ದು ನಮ್ಮ ಐದಡಿಯ ಹುಡುಗಿಗೆ ಸೊಂಟ ದಾಟುತ್ತದೆ. ಅಳೆಯಬೇಕಾದರೆ ಪಟ್ಟಿ ನೋಡಿ ಅಳೆಯಬಾರದು. ಟೇಪಿನ ತುದಿಯನ್ನು ಕಿವಿಯ ಹಿಂದೆ, ಪಟ್ಟಿ ಕೂರುವ ಜಾಗದಲ್ಲಿ ಹಿಡಿದು ಬೆನ್ನ ಮೇಲೆ ಇಳಿಬಿಟ್ಟು ಇನ್ನೊಬ್ಬರ ಹತ್ತಿರ ನೋಡಿಸಬೇಕು. ಬ್ಲೌಸಿನ ಅಳತೆ ಕೊಡುವಾಗ ಮಾಡುವುದೂ ಇದನ್ನೇ, ಕೂದಲಿಗೆ ಮಾಡಲು ಯಾಕೋ ಯಾರಿಗೂ ಹೊಳೆಯುವುದಿಲ್ಲ.

ತೂಕದ ಮಾತು ಇದಕ್ಕಿಂತ ಸೂಕ್ಷ್ಮ. ಕಟ್ಟುಗೂದಲನ್ನು ಗ್ರಾಮಿನಲ್ಲಿ ಮಾರುತ್ತಾರೆ. 100 ಗ್ರಾಂ ಕೂದಲು 14 ಇಂಚಿನದಾದರೆ ಕೈತುಂಬ ಇರುತ್ತದೆ. ಅದೇ 100 ಗ್ರಾಂ 26 ಇಂಚಿನದಾದರೆ ಎಳೆಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಉದ್ದಕ್ಕೆ ಆಸೆಪಟ್ಟು ತೂಕ ಹೆಚ್ಚಿಸದವರ ಬೆನ್ನ ಮೇಲೆ ಸೊಂಟದ ಹತ್ತಿರ ನಾಲ್ಕೆಳೆ ತೂಗಾಡುತ್ತಿರುವುದನ್ನು ನೀವೂ ನೋಡಿರುತ್ತೀರಿ. ಸರಿ, ತೂಕವನ್ನೂ ಹೆಚ್ಚಿಸೋಣ ಎಂದರೆ ಆ ಭಾರವೆಲ್ಲ ಹೊರುವುದು ಬುಡದ ಒಂದಿಷ್ಟು ಸ್ವಂತ ಕೂದಲು. ದಿನಗಟ್ಟಲೆ ಹಾಗೆ ಎಳೆದು ಕೂದಲು ಉದುರುವುದಕ್ಕೆ ಚರ್ಮವೈದ್ಯರು ಟ್ರ್ಯಾಕ್ಷನ್ ಅಲೊಪೇಸಿಯಾ ಎಂಬ ಹೆಸರನ್ನೇ ಇಟ್ಟಿದ್ದಾರೆ. ಒಂದು ಸಂಜೆಗೆ ಕ್ಲಿಪ್ಪು ಹಾಕಿ ತೆಗೆಯುವವಳಿಗೆ ಆ ಭಯವಿಲ್ಲ. ಟೇಪಿನಿಂದ ಅಂಟಿಸಿಕೊಂಡು ವಾರಗಟ್ಟಲೆ ಓಡಾಡುವವಳು ಮಾತ್ರ ಉದ್ದದ ವಿಷಯದಲ್ಲಿ ಜಿಪುಣಿಯಾಗುವುದು ವಾಸಿ.

ಹೆಗಲಿಗೆ ಸಮನಾಗಿ ಕತ್ತರಿಸಿದ ಕೂದಲಿಗೆ ಇನ್ನೊಂದು ತೊಡಕಿದೆ. ಸ್ವಂತದ್ದು ಮುಗಿಯುವ ಕಡೆ ಒಂದು ಮೆಟ್ಟಿಲು ಕಾಣಿಸುತ್ತದೆ. ಉದ್ದ ಹೆಚ್ಚಿದಷ್ಟೂ ಆ ಮೆಟ್ಟಿಲು ಎದ್ದು ಕಾಣುತ್ತದೆ. ಅದನ್ನು ಮರೆಸಲು ಸುರುಳಿ ಮಾಡಿಸಬೇಕು, ಇಲ್ಲವೇ ಕಟ್ಟುಗೂದಲಿನ ತುದಿಯನ್ನು ಹಂತಹಂತವಾಗಿ ಕತ್ತರಿಸಬೇಕು. ಬುಡದಿಂದ ತುದಿಯವರೆಗೆ ಒಂದೇ ದಪ್ಪ ಇರುವಂತೆ ಗಿಡ್ಡ ಎಳೆಗಳನ್ನೆಲ್ಲ ಆರಿಸಿ ತೆಗೆದ ಕಟ್ಟಿಗೆ 'ಡಬಲ್ ಡ್ರಾನ್' ಅನ್ನುತ್ತಾರೆ, ಬೆಲೆ ಜಾಸ್ತಿ. ನನ್ನ ಕಣ್ಣಿಗೆ ಸುಳ್ಳು ಅಂತ ಮೊದಲು ಹೇಳಿಬಿಡುವುದು ಅದೇ. ತುದಿ ಇಲಿಬಾಲವಾಗದ ಜಡೆಯನ್ನು ನಮ್ಮ ಬೀದಿಯಲ್ಲಿ ಯಾರ ಬೆನ್ನ ಮೇಲೂ ನಾನು ಕಂಡಿಲ್ಲ.

ಇಷ್ಟೆಲ್ಲ ಲೆಕ್ಕ ಯಾಕೆ ಬೇಕಾಯಿತು? ಮುಚ್ಚಿಡಬೇಕು ಎಂದು ಹೊರಟದ್ದರಿಂದ. ಚೌರಿಯ ಕಾಲದಲ್ಲಿ ಇದೊಂದೂ ಇರಲಿಲ್ಲ.

ನಮ್ಮ ದೊಡ್ಡಮ್ಮನ ಚೌರಿ ನಡುಮನೆಯ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿತ್ತು. ಬಂದವರಿಗೆಲ್ಲ ಕಾಣುವ ಜಾಗ. ಮೇಲೆ ದಾರದಿಂದ ಬಿಗಿದ ಗಂಟು, ಕೆಳಗೆ ಮೂರು ಕಾಲು. ತಲೆ ಬಾಚಿ ನಾಲ್ಕು ಹೆಣಿಗೆ ಹೆಣೆದ ಮೇಲೆ ಗಂಟನ್ನು ಒಳಕ್ಕೆ ಸೇರಿಸಿ, ಮೂರು ಕಾಲನ್ನು ತನ್ನ ಮೂರು ಎಳೆಗಳಿಗೆ ಹಂಚಿ, ಮುಂದಕ್ಕೆ ಹೆಣೆದು, ಕೊನೆಗೆ ಕುಚ್ಚು ಕಟ್ಟುತ್ತಿದ್ದಳು. ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಅಂತ ಗಾದೆ ಮಾಡಿದವನು ಗಂಡಸೇ ಇರಬೇಕು, ಚೌರಿ ಕಟ್ಟಿದ್ದರೆ ಹಾಗೆ ಹೇಳುತ್ತಿರಲಿಲ್ಲ. ಎಣ್ಣೆನೀರಿನ ದಿನ ಚೌರಿಗೂ ಅದರ ಪಾಲಿನ ಸೀಗೆಪುಡಿ ಸಲ್ಲುತ್ತಿತ್ತು. ಹಿತ್ತಲಿನ ಹಗ್ಗದ ಮೇಲೆ ಸೀರೆ ಪಕ್ಕದಲ್ಲಿ ಅದು ಒಣಗುತ್ತಿದ್ದರೆ ಕಾಗೆ ಹತ್ತಿರ ಬಾರದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ.

ಅದು ಅವಳದೇ ಕೂದಲು. ಬಾಚಿದಾಗ ಬಂದದ್ದನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ ಡಬ್ಬದಲ್ಲಿ ಹಾಕಿ ಇಡುತ್ತಿದ್ದಳು. ಡಬ್ಬ ತುಂಬಿದ ಮೇಲೆ ಚೌರಿ ಕಟ್ಟುವವಳು ಬಂದು ಜಗಲಿಯ ಮೇಲೆ ಕೂತು ಬಿಡಿಸುತ್ತಿದ್ದಳು. ಎಷ್ಟುದ್ದ ಕಟ್ಟಲಿ ಎಂದು ಕೇಳಿದರೆ ದೊಡ್ಡಮ್ಮ ಎದ್ದು ನಿಂತು, ತಿರುಗಿ, ಅಂಗೈಯನ್ನು ಸೊಂಟದ ಕೆಳಗೆ ಇಟ್ಟು ತೋರಿಸುತ್ತಿದ್ದಳು. ವಯಸ್ಸಾದ ಹಾಗೆ ಆ ಕೈ ಮೇಲಕ್ಕೆ ಬಂತು. "ಈ ವಯಸ್ಸಿಗೆ ಇನ್ನೂ ಕೆಳಗಿಳಿದರೆ ಜನ ಏನಂದಾರು" ಎಂಬುದು ಅವಳ ವಾದ. ಚೌರಿ ಇರುವುದು ಜನಕ್ಕೆ ಗೊತ್ತು, ಅದಕ್ಕೆ ಅವರು ಏನೂ ಅನ್ನುತ್ತಿರಲಿಲ್ಲ. ಉದ್ದ ವಯಸ್ಸಿಗೆ ತಪ್ಪಿದರೆ ಅನ್ನುತ್ತಿದ್ದರು! ಆಮೇಲಾಮೇಲೆ ತಲೆ ಬೆಳ್ಳಗಾಯಿತು, ಚೌರಿ ಮಾತ್ರ ಹಳೆಯ ಕೂದಲಿನದಾದ್ದರಿಂದ ಕಪ್ಪಗೇ ಉಳಿಯಿತು. ಮೇಲರ್ಧ ಬಿಳಿ, ಕೆಳಗರ್ಧ ಇದ್ದಿಲು. ಹಾಗೇ ಮದುವೆ ಮುಂಜಿಗಳಿಗೆಲ್ಲ ಹೋಗಿ ಬಂದಳು, ಸಾಲಂಕೃತಳಾಗಿ ಮುಂದಿನ ಸಾಲಿನಲ್ಲಿ ಕೂತಳು. ಯಾವ ಹೆಂಗಸೂ ಅದನ್ನು ಎತ್ತಿ ಆಡಿದ್ದು ನನಗೆ ನೆನಪಿಲ್ಲ. ಬಳೆ ಹಾಕಿಕೊಂಡವಳನ್ನು ಇದು ನಿನ್ನ ಕೈಯಲ್ಲೇ ಬೆಳೆದದ್ದಾ ಎಂದು ಯಾರಾದರೂ ಕೇಳುತ್ತಾರೆಯೇ? ಚೌರಿಯೂ ಒಡವೆಯ ಲೆಕ್ಕ.

ಒಡವೆ ಎಂದಮೇಲೆ ಅದಕ್ಕೆ ನಂಬಿಕೆಯ ಮಿತಿ ಇಲ್ಲ, ಸಂದರ್ಭದ ಮಿತಿ ಮಾತ್ರ. ಕೂಚಿಪುಡಿಯ ಭಾಮಾಕಲಾಪದಲ್ಲಿ ಸತ್ಯಭಾಮೆಯ ಮುಖ ಕಾಣುವ ಮೊದಲೇ ಜಡೆ ಕಾಣುತ್ತದೆ. ತೆರೆಯ ಹಿಂದೆ ನಿಂತು ಅವಳು ಜಡೆಯನ್ನು ಈಚೆಗೆ ಇಳಿಬಿಡುತ್ತಾಳೆ. ನನ್ನ ಸಮ ಯಾರಿದ್ದೀರಿ ಎಂಬ ಸವಾಲು ಅದು. ಆ ಪಾತ್ರಕ್ಕೆ ಹೆಸರಾಗಿದ್ದ ವೇದಾಂತಂ ಸತ್ಯನಾರಾಯಣ ಶರ್ಮರು ಗಂಡಸು ಎಂಬುದು ಸಭೆಗೆಲ್ಲ ಗೊತ್ತಿತ್ತು. ನಮ್ಮ ಯಕ್ಷಗಾನದ ಸ್ತ್ರೀವೇಷದ ಜಡೆಯೂ ಹಾಗೆಯೇ, ಚೌಕಿಯಲ್ಲಿ ಕಟ್ಟಿ ಬೆಳಗಿನ ಜಾವ ಬಿಚ್ಚಿಡುವಂಥದ್ದು. ಅಲ್ಲಿ ಗಿಡ್ಡ ಜಡೆ ಹಾಕಿದರೇ ಸುಳ್ಳಾಗುತ್ತದೆ. ಭರತನಾಟ್ಯದ ಹುಡುಗಿಯರ ಲೆಕ್ಕ ಇನ್ನೂ ಖಚಿತ. ಸುತ್ತು ತಿರುಗುವಾಗ ಜಡೆ ಹಾರಿ ಮುಖಕ್ಕೆ ಬಡಿಯದಂತೆ ಅದರ ಮೇಲೆ ಡಾಬು ಬಿಗಿಯುತ್ತಾರಲ್ಲ, ಆ ಡಾಬನ್ನು ದಾಟಿ ಕುಚ್ಚು ಕೆಳಗಿಳಿಯಬೇಕು. ಡಾಬಿನ ಮೇಲೇ ಮುಗಿದ ಜಡೆ ನಾಲ್ಕು ಹೆಜ್ಜೆಗೆ ಕಿತ್ತುಕೊಂಡು ಬರುತ್ತದೆ. ಮಗಳ ರಂಗಪ್ರವೇಶಕ್ಕೆ ಚೌರಿ ಕೊಳ್ಳುವ ತಾಯಂದಿರಿಗೆ ಇದು ಗೊತ್ತು, ಅವರು ಇಂಚು ಕೇಳುವುದಿಲ್ಲ.

ಮೊಗ್ಗಿನ ಜಡೆಯ ಫೋಟೋ ಇಲ್ಲದ ಮನೆ ಹಳೇ ಮೈಸೂರು ಕಡೆ ಅಪರೂಪ. ಬೇಸಿಗೆಯಲ್ಲಿ ಮಲ್ಲಿಗೆ ಮೊಗ್ಗು ಸಸ್ತಾ ಆದಾಗ ಹೆಣ್ಣುಮಕ್ಕಳಿಗೆ ಜಡೆ ಹೊಲಿಸಿ ಸ್ಟುಡಿಯೋಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಹುಡುಗಿಯ ಹಿಂದೆ ನಿಲುವುಗನ್ನಡಿ ಇಟ್ಟು ಮುಖ, ಜಡೆ ಎರಡೂ ಒಂದೇ ಚಿತ್ರದಲ್ಲಿ ಬರುವಂತೆ ತೆಗೆಯುತ್ತಿದ್ದರು. ಎಂಟು ವರ್ಷದ ಹುಡುಗಿಗೆ ಸೊಂಟದ ಕೆಳಗಿನ ತನಕ ಜಡೆ. ಒಳಗೆ ಇರುವುದು ಚೌರಿ, ಅದರ ಮೇಲೆ ಸೂಜಿಯಿಂದ ಪೋಣಿಸಿದ ಮೊಗ್ಗು, ನಡುನಡುವೆ ಕನಕಾಂಬರ. ನನ್ನ ಫೋಟೋದಲ್ಲಿ ಮುಖ ಸಿಡುಕಿಕೊಂಡಿದೆ, ಕತ್ತು ಹಿಂದಕ್ಕೆ ಜಗ್ಗುತ್ತಿತ್ತು. ಕನ್ನಡಿಯೊಳಗಿನ ಜಡೆ ಮಾತ್ರ ಬಹಳ ಪ್ರಸನ್ನವಾಗಿದೆ.

ಈಗಿನ ಇಂಚಿಗೆ ಮತ್ತೆ ಬರೋಣ. ಆ ಕೂದಲು ಎಲ್ಲಿಂದ ಬರುತ್ತದೆ ಎಂಬುದನ್ನು ಅಣ್ಣನ ಮಗಳಿಗೆ ಹೇಳಿದ ಮೇಲೆ ಅವಳ 26ರ ಹಟ ಸ್ವಲ್ಪ ಸಡಿಲವಾಯಿತು. ತಿರುಮಲೆಯ ಕಲ್ಯಾಣಕಟ್ಟೆಯಲ್ಲಿ ಭಕ್ತರು ಕೊಟ್ಟ ಮುಡಿಯನ್ನು ದೇವಸ್ಥಾನ ಹರಾಜು ಹಾಕುತ್ತದೆ. ಹರಾಜಿನಲ್ಲಿ ದರ್ಜೆ ಕಟ್ಟುವುದು ಉದ್ದದ ಮೇಲೆ. ಕೆಲವು ವರ್ಷದ ಹಿಂದಿನ ಹರಾಜುಗಳಲ್ಲಿ 31 ಇಂಚು ಮತ್ತು ಅದಕ್ಕೂ ಮೇಲಿನದು ಮೊದಲ ದರ್ಜೆಯಾಗಿತ್ತು, 16ರಿಂದ 30 ಎರಡನೆಯದು, 10ರಿಂದ 15 ಮೂರನೆಯದು, 5ರಿಂದ 9 ನಾಲ್ಕನೆಯದು, 5ಕ್ಕಿಂತ ಕಡಿಮೆಯದು ಅದರ ಕೆಳಗೆ. ಬಿಳಿಕೂದಲಿಗೆ ಪ್ರತ್ಯೇಕ ರಾಶಿ. ಕೂದಲು ತಿಂಗಳಿಗೆ ಸುಮಾರು ಅರ್ಧ ಇಂಚು ಬೆಳೆಯುತ್ತದೆ, ವರ್ಷಕ್ಕೆ ಆರು. ಆ ಲೆಕ್ಕದಲ್ಲಿ ಮೊದಲ ದರ್ಜೆಯ ಎಳೆ ಎಂದರೆ ಯಾರೋ ಹೆಂಗಸಿನ ತಲೆಯ ಮೇಲೆ ಐದು ವರ್ಷಕ್ಕೂ ಮಿಕ್ಕಿ ಇದ್ದದ್ದು. ಮಗುವಿಗೆ ಜ್ವರ ಬಂದಾಗ ಹೊತ್ತ ಹರಕೆಯೋ, ಮನೆ ಕಟ್ಟಿದ್ದಕ್ಕೋ, ಗಂಡ ಕುಡಿತ ಬಿಟ್ಟದ್ದಕ್ಕೋ. ಅವಳು ಬೋಳುತಲೆಗೆ ಗಂಧ ಹಚ್ಚಿಕೊಂಡು ಬಸ್ಸು ಹತ್ತುತ್ತಾಳೆ, ಕೂದಲು ಬೇರೆ ದಾರಿ ಹಿಡಿದು ಕಡಲು ದಾಟುತ್ತದೆ. 2004ರಲ್ಲಿ ಜೆರುಸಲೇಮಿನ ಹಿರಿಯ ರಬ್ಬಿಯೊಬ್ಬರು ಹಿಂದೂ ದೇವಾಲಯಗಳ ಮುಡಿಯಿಂದ ಮಾಡಿದ ವಿಗ್ಗನ್ನು ಧರಿಸಬಾರದು ಎಂದು ತೀರ್ಪು ಕೊಟ್ಟರು. ಮದುವೆಯಾದ ಮೇಲೆ ತಲೆಗೂದಲು ಮುಚ್ಚಿಕೊಳ್ಳುವ ಸಂಪ್ರದಾಯಸ್ಥ ಯಹೂದಿ ಹೆಂಗಸರು ಆಗ ಬ್ರೂಕ್ಲಿನ್ನಿನ ಬೀದಿಯಲ್ಲಿ ತಮ್ಮ ಬೆಲೆಬಾಳುವ ವಿಗ್ಗುಗಳನ್ನು ಸುಟ್ಟರು. ಯಾರ ಕೂದಲು ಎಂಬ ಪ್ರಶ್ನೆ ಅಲ್ಲಿ ಅಷ್ಟು ದೊಡ್ಡದಾಯಿತು. ಇಲ್ಲಿ ಪಟ್ಟಿಯಲ್ಲಿ ಆ ಕಾಲಮ್ಮೇ ಇಲ್ಲ.

ಮುಡಿಯ ಕೂದಲಿಗೆ ಬೆಲೆ ಹೆಚ್ಚಲು ಉದ್ದವೊಂದೇ ಕಾರಣವಲ್ಲ. ಒಂದೊಂದು ಎಳೆಯ ಮೇಲೂ ಕಣ್ಣಿಗೆ ಕಾಣದ ಹುರುಪೆಗಳಿರುತ್ತವೆ, ಎಲ್ಲವೂ ಬುಡದಿಂದ ತುದಿಯ ಕಡೆಗೆ ಮಲಗಿರುತ್ತವೆ. ಒಂದೇ ತಲೆಯಿಂದ ಒಟ್ಟಿಗೆ ಇಳಿಸಿ ಕಟ್ಟಿದರೆ ಆ ದಿಕ್ಕು ಕೆಡುವುದಿಲ್ಲ; ವ್ಯಾಪಾರದಲ್ಲಿ ರೆಮಿ ಎನ್ನುವುದು ಇದನ್ನೇ. ಬಾಚಿ ಬಂದ ಉಂಡೆಯಲ್ಲಿ ಬುಡ ತುದಿ ಕಲಸಿಹೋಗಿರುತ್ತವೆ, ಹುರುಪೆಗಳು ಎದುರುಬದುರಾಗಿ ಸಿಕ್ಕುಬೀಳುತ್ತವೆ. ಆ ಮಾಲನ್ನು ಆಮ್ಲದಲ್ಲಿ ಅದ್ದಿ ಹುರುಪೆ ತೆಗೆದು ಸಿಲಿಕೋನ್ ಲೇಪ ಕೊಡುತ್ತಾರೆ. ಅಂಗಡಿಯಲ್ಲಿ ರೇಷ್ಮೆ, ನಾಲ್ಕು ಸಲ ತೊಳೆದ ಮೇಲೆ ಕತ್ತ. ಉದ್ದ ಇದ್ದಷ್ಟೂ ಸಿಕ್ಕು ಜಾಸ್ತಿ, ಆದ್ದರಿಂದ ಅಗ್ಗದ 26ಕ್ಕಿಂತ ಒಳ್ಳೆಯ 16 ಲೇಸು.

ಆ ಉಂಡೆಗಳನ್ನು ಬಿಡಿಸುವ ಊರೊಂದು ನಮ್ಮಲ್ಲೇ ಇದೆ, ಕೊಪ್ಪಳದ ಪಕ್ಕದ ಭಾಗ್ಯನಗರ. ಬೀದಿಬೀದಿಯಲ್ಲಿ ಕೂದಲಿಗೆ ಸ್ಟೀಲ್ ಪಾತ್ರೆ ಕೊಡುತ್ತೇವೆ ಎಂದು ಕೂಗಿಕೊಂಡು ಹೋಗುವವರು ಕೊಂಡದ್ದು ಇಂಥ ಊರುಗಳಿಗೆ ಹೋಗುತ್ತದೆ. ಹೆಂಗಸರು ಸಾಲಾಗಿ ಕೂತು ಗಂಟಿನಿಂದ ಎಳೆ ಬಿಡಿಸುತ್ತಾರೆ. ಆಮೇಲೆ ಕಬ್ಬಿಣದ ಹಲ್ಲಿನ ಹಣಿಗೆಯಲ್ಲಿ ಎಳೆದು ಉದ್ದಕ್ಕೆ ತಕ್ಕ ಹಾಗೆ ಕಟ್ಟು ಕಟ್ಟುವುದು. ಉದ್ದ ಆರಿಸುವ ಕಣ್ಣು ಎಂದರೆ ಅದು. ನಾವು ಪಟ್ಟಿ ಹಿಡಿದು ಒದ್ದಾಡುವುದನ್ನು ಅವರು ಬೆರಳ ಸಂದಿಯಲ್ಲೇ ಮುಗಿಸಿರುತ್ತಾರೆ.

ಕಡೆಗೆ ನಾವಿಬ್ಬರೂ ಕೂತು ಎರಡು ಉದ್ದಕ್ಕೆ ಒಪ್ಪಿದೆವು. ಮುಹೂರ್ತಕ್ಕೆ ಮೊಗ್ಗಿನ ಜಡೆ, ಅದರೊಳಗೆ ಸಾಧಾರಣ ನೈಲಾನ್ ಚೌರಿ. ಹೂವಿನಡಿ ಏನಿದೆ ಎಂದು ಇಣುಕುವವರಿಲ್ಲ, ಅದಕ್ಕೆ ದುಡ್ಡು ಸುರಿಯುವುದು ದಂಡ. ಉದ್ದ ಮಾತ್ರ ಧಾರಾಳವಾಗಿರಲಿ ಎಂದೆ, ಒಂದೇ ಷರತ್ತಿನ ಮೇಲೆ: ಹಸೆಮಣೆಯ ಮೇಲೆ ಕೂತಾಗ ಕುಚ್ಚು ನೆಲ ಮುಟ್ಟಬಾರದು. ಹಿಂದಿನಿಂದ ಅಕ್ಷತೆ ಹಾಕಲು ಮುಗಿಬೀಳುವವರಲ್ಲಿ ಯಾರಾದರೂ ತುಳಿದರೆ, ತಾಳಿ ಕಟ್ಟುವ ಹೊತ್ತಿಗೆ ಹುಡುಗಿಯ ಮುಖ ಆಕಾಶ ನೋಡುತ್ತಿರುತ್ತದೆ. ಮಣೆ ಹಾಕಿ ಕೂರಿಸಿ ನೋಡಿದೆವು. ರಿಸೆಪ್ಷನ್‌ಗೆ ಬಿಟ್ಟ ಕೂದಲು, ಅದಕ್ಕೆ 18 ಇಂಚಿನ ಅಸಲಿ ಕೂದಲು, ತುದಿ ಸ್ವಲ್ಪ ಸುರುಳಿ. ಮೊಣಕೈ ದಾಟಿದರೆ ಕಷ್ಟ. ಕೂದಲು ಜರಿ ಸೆರಗಿಗೆ, ಸರದ ಕೊಂಡಿಗೆ, ಸೇಫ್ಟಿ ಪಿನ್ನಿಗೆ, ಆ ಸಿಂಹಾಸನದಂಥ ಕುರ್ಚಿಯ ಕೆತ್ತನೆಗೆ ಸಿಕ್ಕಿಕೊಳ್ಳುತ್ತದೆ, ಮೂರು ಗಂಟೆ ನಿಂತು ಕೈಕುಲುಕುವವಳು ಒಂದು ಕೈಯಲ್ಲಿ ಅದನ್ನೇ ಬಿಡಿಸುತ್ತಿರಬೇಕಾಗುತ್ತದೆ. ಆಫೀಸಿನವರಿಗೆ ಏನು ಹೇಳುತ್ತೀ ಅಂದದ್ದಕ್ಕೆ ಅವಳ ಉತ್ತರ, "18 ಆದ್ರೆ ಯಾರೂ ಕೇಳಲ್ಲ ಅತ್ತೆ, ಜುಟ್ಟು ಬಿಚ್ಚಿದ್ದಾಳೆ ಅಂದ್ಕೋತಾರೆ." ಅಣ್ಣ ಮಾತ್ರ ಬಿಲ್ಲು ನೋಡಿ, ಇಷ್ಟು ಕೊಟ್ಟು ಬೇರೆಯವರ ಕೂದಲು ಕೊಳ್ಳುವ ಬದಲು ಒಂದು ವರ್ಷ ತಡೆದಿದ್ದರೆ ನಿನ್ನದೇ ಬೆಳೆಯುತ್ತಿತ್ತಲ್ಲ ಎಂದ. ಗಂಡು ಸಿಗಲಿಲ್ಲ ಎಂದು ಎರಡು ವರ್ಷದಿಂದ ಗೊಣಗುತ್ತಿದ್ದವನೂ ಅವನೇ.

ಮದುವೆಯಾದ ಮೇಲೆ ಆ 18 ಇಂಚು ಸುಮ್ಮನೆ ಕೂರಲಿಲ್ಲ. ಅವಳ ಗೆಳತಿಯರ ಗುಂಪಿನಲ್ಲಿ ಒಬ್ಬೊಬ್ಬರದೇ ಮದುವೆ ಬರುತ್ತಿದೆ, ಕಟ್ಟು ಕೈಯಿಂದ ಕೈಗೆ ಹೋಗುತ್ತಿದೆ. ಹೋದಲ್ಲೆಲ್ಲ ಅವರವರ ಬೆನ್ನಿಗೆ ತಕ್ಕಂತೆ ಸ್ವಲ್ಪ ಕತ್ತರಿಸಿಕೊಳ್ಳುತ್ತಾರೆ, ಅದು ಬೆಳೆಯುವುದಿಲ್ಲ ಎಂಬ ಯೋಚನೆ ಯಾರಿಗೂ ಇಲ್ಲ. ಈಗ ಧಾರವಾಡದ ಹುಡುಗಿಯೊಬ್ಬಳ ಹತ್ತಿರ ಇದೆ, 15ಕ್ಕೆ ಇಳಿದಿದೆಯಂತೆ. ಮೊನ್ನೆ ಫೋನ್ ಮಾಡಿದ್ದಳು. "ಆಂಟಿ, ನಾ ಭಾಳ ಗಿಡ್ಡ ಇದೀನ್ರಿ, ಇನ್ನೆರಡು ಇಂಚು ತಗಸ್ಲೇನ್ರಿ?" ಕತ್ತರಿ ಮುಟ್ಟಬೇಡ, ಮೊದಲು ಹಾಕಿಕೊಂಡು ಕುರ್ಚಿಯಲ್ಲಿ ಕೂತು ಬೆನ್ನ ಕಡೆಯಿಂದ ಫೋಟೋ ತೆಗೆಸಿ ಕಳಿಸು ಎಂದೆ. ಫೋಟೋ ಬಂತು, ಸರಿಯಾಗಿಯೇ ಇತ್ತು. ಅದರ ಹಿಂದೆಯೇ ಅವಳ ತಾಯಿಯ ಫೋನು: ಮುಂದೆ ಅದು ಇನ್ನೂ ಗಿಡ್ಡಾದ ಮೇಲೆ ಯಾರಿಗೂ ಬೇಡವಾದರೆ ತಮ್ಮ ತುರುಬಿಗೆ ಸಾಕಾಗುತ್ತದೆ, ಬೇರೆಯವರಿಗೆ ಕೊಡಬೇಡಿ ಅಂತ.